ಇಪ್ಪತ್ತು ಬಾಟಲಿ ಆಲೂಗಡ್ಡೆ ಕುಡಿ

ಬರೀ ಒಂದು 'ಉಫ್' ಅಂದದ್ದಕ್ಕೆ ಮನುಷ್ಯನ ಮಾನ ಹೋಗುತ್ತದೆಯೇ? ಆತುರಪ್ಪನದು ಹೋಯಿತು, ಕೇಳಿ.

ಆತುರಪ್ಪ ಅನ್ನುವುದು ಲ್ಯಾಬಿನವರು ಇಟ್ಟ ಹೆಸರು. ಅವನ ಕೆಲಸ ಗಾಜಿನ ಬಾಟಲಿಯೊಳಗೆ ಆಲೂಗಡ್ಡೆ ಗಿಡ ಎಬ್ಬಿಸುವುದು. ಮಣ್ಣಿಲ್ಲ, ಗೊಬ್ಬರವಿಲ್ಲ. ಉಗುರಿನ ತುದಿಯಷ್ಟು ಕುಡಿ ಕತ್ತರಿಸಿ, ಸಕ್ಕರೆ ಉಪ್ಪು ಬೆರೆಸಿದ ಜೆಲ್ಲಿಯ ಮೇಲೆ ಕೂರಿಸಬೇಕು. ಬದುಕಿದರೆ ಒಂದು ನಾಲ್ಕಾಗಿ, ನಾಲ್ಕು ಹದಿನಾರಾಗಿ, ಕೊನೆಗೆ ಊರಿಗೆಲ್ಲ ಆಗುವಷ್ಟು ರೋಗವಿಲ್ಲದ ಬಿತ್ತನೆಗಡ್ಡೆ. ಆದರೆ ಆ ಕುಡಿ ಹಸುಗೂಸಿಗಿಂತ ನಾಜೂಕು, ಬಾಯಿಯ ಉಸಿರು ತಾಕಿದರೂ ಬೂಷ್ಟು ಹಿಡಿಯುತ್ತದೆ. ಚಿಮಟವನ್ನು ದೀಪದಲ್ಲಿ ಕಾಯಿಸಿ, ತಾನಾಗಿ ಆರುವ ತನಕ ಸುಮ್ಮನೆ ಕೂರಬೇಕು. ಆತುರಪ್ಪ ಕೂರುವವನೇ? ಮುಖಗವಸು ಕೆಳಗೆಳೆದು, ಬಿಸಿ ಹಾಲು ಆರಿಸುವವನ ಹಾಗೆ 'ಉಫ್' ಅಂತ ಊದಿದ್ದ.

ಐದನೇ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ನೋಡುತ್ತಾನೆ, ತನ್ನ ಟ್ರೇಯ ಇಪ್ಪತ್ತು ಬಾಟಲಿಯಲ್ಲಿ ಹನ್ನೆರಡಕ್ಕೆ ಬೂಷ್ಟು! ಮುದಿ ಬೆಕ್ಕಿನ ಮೈಯಂತೆ ಬೂದು ಕೂದಲು. ಮೂರು ಸಲ ಬೂಷ್ಟು ಬರಿಸಿದವರು ಕತ್ತರಿಸುವ ಮೇಜು ಬಿಟ್ಟು ಬಾಟಲಿ ತೊಳೆಯುವ ಕೋಣೆಗೆ ಹೋಗಬೇಕು ಅನ್ನುವುದು ಅಲ್ಲಿನ ಕಾನೂನು. ಅವನಿಗಿದು ಮೂರನೆಯದು.

ಪ್ರತಿ ಬಾಟಲಿಯ ಮೇಲೂ ಕತ್ತರಿಸಿದವರ ನಂಬರ್ ಇರುತ್ತದೆ. ಅವನದು ಒಂಬತ್ತು. ಪಕ್ಕದ ಮೇಜಿನ ಅಕ್ಕನದು ನಾಲ್ಕು. ಹದಿನೆಂಟು ವರ್ಷದಲ್ಲಿ ಅಕ್ಕನ ಒಂದು ಬಾಟಲಿಯೂ ಕೆಟ್ಟದ್ದಿಲ್ಲ. 'ಅಕ್ಕಂಗಾದ್ರೆ ಮೊದಲ್ನೇ ಸಲ, ಬಿಟ್ಬಿಡ್ತಾರೆ' ಅಂತ ಅವನ ಬುದ್ಧಿ ಓಡಿತು. ಒಂದು ಟ್ರೇಯಲ್ಲಿ ಎರಡು ನಂಬರ್ ಇದ್ದರೆ ಸಿಕ್ಕಿಬೀಳುತ್ತೇನೆ ಅಂತ, ಹತ್ತಿಗೆ ಸ್ಪಿರಿಟ್ ಅದ್ದಿ ಎಲ್ಲಾ ಬಾಟಲಿಯ ಒಂಬತ್ತನ್ನೂ ಒರೆಸಿ ನಾಲ್ಕು ಬರೆದ. ಸೇರಿದ ದಿನ ಅವನಿಗೆ ಚಿಮಟ ಹಿಡಿಯಲು ಕಲಿಸಿದವಳೂ ಅದೇ ಅಕ್ಕ. ಬರೆಯುವಾಗ ಅದು ನೆನಪಾಗದೆ ಇರಲಿಲ್ಲ. ಆದರೂ ಬರೆದ, ದರಿದ್ರದವನು.

ಹತ್ತು ಗಂಟೆಗೆ ಲ್ಯಾಬ್ ನೋಡಿಕೊಳ್ಳುವ ಮೇಡಂ ಬಂದರು. ಹಿಂದೆಯೇ ಜೆಲ್ಲಿ ಕಾಯಿಸುವ ಮಾಮ. ಎಲ್ಲಿ ಹೊಗೆಯೋ ಅಲ್ಲಿ ಅವನ ಮೂಗು.

“ಯಾರದಿದು?”

“ನಾಲ್ಕು ಅಂತಿದೆ ಮೇಡಂ!” ಮಾಮನಿಗೆ ಖುಷಿಯೋ ಖುಷಿ. “ಆನೇನೂ ಎಡವತ್ತೆ ಅನ್ನಿ.”

ಅಕ್ಕ ಒಂದು ಬಾಟಲಿ ಎತ್ತಿ, ತಿರುಗಿಸಿ ನೋಡಿದಳು. “ನಂಬರ್ ನಂದು ಅಂದ್ಮೇಲೆ ತಪ್ಪೂ ನಂದೇ ಮೇಡಂ.”

“ಕಣ್ಣು ಮಂಜಾಗಿರ್ಬೇಕು, ವಯಸ್ಸಾಯ್ತಲ್ಲ” ಅಂದ ಮಾಮ.

ಅಕ್ಕ ತಲೆ ತಗ್ಗಿಸಿದಳು. ಆತುರಪ್ಪನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಹೇಳಿಯೇಬಿಡೋಣ ಅಂತ ಬಾಯಿ ತೆರೆಯುವಷ್ಟರಲ್ಲಿ ಮೇಡಂ ಕೂಗಿದರು.

“ಅಯ್ಯೋ, ಇಲ್ನೋಡಿ! ಬೇರು ಬಿಟ್ಟಿದೆ!”

ಟ್ರೇಯ ಮೂಲೆಯ ಬಾಟಲಿಯಲ್ಲಿ ಹಸಿರು ಕುಡಿ, ಕೆಳಗೆ ಬಿಳಿ ಬೇರು. ನೀರು ನಿಂತ ನೆಲದಲ್ಲೂ ಕೊಳೆಯದ ಹಳೇ ತಳಿ ಅದು; ಎರಡು ವರ್ಷದಿಂದ ಯಾರ ಕೈಯಲ್ಲೂ ಬದುಕಿರಲಿಲ್ಲ. ಎಲ್ಲರೂ ಅಕ್ಕನಿಗೆ ಚಪ್ಪಾಳೆ ತಟ್ಟಿದರು.

ಸರಿಯಾಗಿ ಆಗಲೇ ಆತುರಪ್ಪನ ಬಾಯಿಂದ ಮಾತು ಹೊರಬಿತ್ತು. “ಮೇಡಂ, ಆ ಟ್ರೇ ನಂದು!”

ಚಪ್ಪಾಳೆ ನಿಂತಿತು.

“ನೋಡ್ರಪ್ಪಾ!” ಅಂದ ಮಾಮ. “ಬೂಷ್ಟು ಅಕ್ಕಂದು, ಬೇರು ಇವಂದು! ನಾಚ್ಕೆ ಆಗಲ್ವೇನೋ?”

“ಬೂಷ್ಟೂ ನಂದೇ ಮಾಮ! ನಾನೇ ಊದಿದ್ದು, ನಾನೇ ನಂಬರ್ ತಿದ್ದಿದ್ದು!”

“ಹೊಗಳ್ತಾರೆ ಅಂದ್ರೆ ಹೆತ್ತಿದ್ದೂ ನಾನೇ ಅಂತೀಯ ನೀನು.”

ಎಲ್ಲರೂ ನಕ್ಕರು. ಆತುರಪ್ಪನ ಕಣ್ಣಲ್ಲಿ ನೀರಾಡಿತು. ಅಕ್ಕ ನಿಟ್ಟುಸಿರು ಬಿಟ್ಟಳು.

“ಅವ್ನು ಹೇಳ್ತಿರೋದು ನಿಜ ಮೇಡಂ. ಅದು ನಾನು ಬರೆಯೋ ನಾಲ್ಕಲ್ಲ, ಇವ್ನ ಕೈಬರಹ ಅಂತ ಎತ್ಕೊಂಡಾಗ್ಲೇ ಗೊತ್ತಾಯ್ತು. ಮೂರನೇ ಸಲ ಅಲ್ವಾ, ಪಾಪ ಮಕ್ಕಳೊಂದಿಗ ಅಂತ ಸುಮ್ನಿದ್ದೆ.” ಆಮೇಲೆ ಅವನ ಕಡೆ ತಿರುಗಿ, “ಇನ್ನೊಂದು ಗಳಿಗೆ ಬಾಯಿ ಮುಚ್ಕೊಂಡಿದ್ರೆ ಮುಗಿದೋಗ್ತಿತ್ತಲ್ಲೋ” ಅಂದಳು.

ಮೇಡಂ ಬಾಟಲಿ ಕೆಳಗಿಟ್ಟರು. “ಒಂಬತ್ತು ಅಂತಾನೇ ಇದ್ದಿದ್ರೆ, ಈ ಒಂದು ಬೇರಿಗೋಸ್ಕರ ನಿನ್ನ ಹನ್ನೆರಡು ಬೂಷ್ಟನ್ನೂ ಮಾಫಿ ಮಾಡ್ತಿದ್ದೆ ಕಣಯ್ಯಾ. ಒರೆಸಿದ್ದಕ್ಕೆ ಮಾಫಿ ಇಲ್ಲ. ತೊಳೆಯೋ ಕೋಣೆಗೆ ನಡಿ.”

ಮಧ್ಯಾಹ್ನ ಅಕ್ಕ ತೊಳೆಯುವ ಕೋಣೆಗೆ ಬಂದಳು. ಅವನು ನೊರೆಯಲ್ಲಿ ಮೊಣಕೈ ತನಕ ಕೈ ಮುಳುಗಿಸಿ, ಗೋಡೆಗೆ ಮುಖಮಾಡಿ ನಿಂತಿದ್ದ. ಅವಳು ಬುತ್ತಿ ಬಿಚ್ಚಿ, ಅರ್ಧವನ್ನು ಮುಚ್ಚಳಕ್ಕೆ ಹಾಕಿ, ಅವನ ಪಕ್ಕಕ್ಕೆ ಸರಿಸಿದಳು.

“ತಿನ್ನೋ. ಹಸ್ಕೊಂಡಿದೀಯ.”

ಬೈದಿದ್ದರೆ ಎರಡು ತುತ್ತಾದರೂ ಇಳಿಯುತ್ತಿತ್ತು.