ಕರಿ ಚೆಂಡು ಹಾಕಿದ್ದು ಯಾರು

ಚನ್ನವೀರಯ್ಯ: ಅಲ್ಲ ಸ್ವಾಮಿ, ನಿಮ್ಮನ್ನ ನೋಡಿದ್ದೀನಿ ಅಂದ್ರೆ ನೋಡಿದ್ದೀನಿ. ತುಮಕೂರಲ್ಲಿ, ಶಿರಾ ಗೇಟ್ ಹತ್ರ ಆ ಹೆಂಚಿನ ಹಾಲ್ ಇತ್ತಲ್ಲ.

ಪರಮಶಿವಯ್ಯ: ಯಾವ ಹಾಲೂ ನನಗೆ ಗೊತ್ತಿಲ್ಲ.

ಶಕುಂತಲಮ್ಮ: ಹಾಲಿಗೇನಾಯ್ತು? ನಮ್ಮ ಮನೆ ಹಸೂದೇ. ನೀರು ಸೋಕ್ಸಿಲ್ಲ.

ಚನ್ನವೀರಯ್ಯ: ಕುಡಿಯೋ ಹಾಲಲ್ಲಮ್ಮ, ಆಡೋ ಹಾಲ್. ಒಳಗೆ ಹಸಿರು ಬಟ್ಟೆ ಬಿಗಿದಿದ್ದ ದೊಡ್ಡ ಮೇಜು. ಬಣ್ಣಬಣ್ಣದ ಚೆಂಡು. ಕೋಲಲ್ಲಿ ತಳ್ಳಿ ಮೂಲೆ ಪಾಕೆಟ್ಟಿಗೆ ಬೀಳಿಸೋ ಸ್ನೂಕರ್ ಆಟ. ಎಪ್ಪತ್ನಾಲ್ಕನೇ ಇಸವಿ. ಅಲ್ಲೊಬ್ಬ ಇದ್ದ, ಗುಬ್ಬಿ ಎಡಚ ಅಂತ. ಸಾಕ್ಷಾತ್ ಇವರೇ.

ಪರಮಶಿವಯ್ಯ: ಗುಬ್ಬೀಲಿ ಎಡಚ್ರು ಬೇಕಾದಷ್ಟು ಜನ ಅವ್ರೆ.

ಹಾಗನ್ನುತ್ತ ಪರಮಶಿವಯ್ಯ ಎಡಗೈಲಿದ್ದ ಕಾಫಿ ಲೋಟವನ್ನು ಮೆಲ್ಲಗೆ ಬಲಗೈಗೆ ದಾಟಿಸಿದ್ದು ಅವರ ಹೆಂಡತಿ ಶಕುಂತಲಮ್ಮನ ಕಣ್ಣಿಗೆ ಬಿತ್ತು. ಎದುರಿಗೆ ಕೂತಿದ್ದೋರು ಮಗಳು ಸರ್ವಮಂಗಳನ್ನ ನೋಡೋಕೆ ಕುಣಿಗಲ್‌ನಿಂದ ಗುಬ್ಬಿಗೆ ಬಂದ ಗಂಡಿನ ಕಡೆಯೋರು. ಹುಡುಗನಿಗೆ ತುಮಕೂರಿನ ವಾಚ್ ಫ್ಯಾಕ್ಟರೀಲಿ ಕೆಲಸ. ಹುಡುಗಿ ಒಪ್ಪಿಗೆ, ಹುಡುಗ ಒಪ್ಪಿಗೆ, ಉಪ್ಪಿಟ್ಟೂ ಒಪ್ಪಿಗೆಯಾಗಿತ್ತು. ಇನ್ನು ನಿಶ್ಚಿತಾರ್ಥಕ್ಕೆ ಒಂದು ದಿನ ಗೊತ್ತುಮಾಡಿ ತಾಂಬೂಲ ಬದಲಾಯಿಸಿಕೊಳ್ಳೋದೊಂದು ಬಾಕಿ. ಅಷ್ಟರಲ್ಲಿ ಹುಡುಗನ ತಂದೆ ಚನ್ನವೀರಯ್ಯ, ಹದಿಮೂರು ವರ್ಷದ ಹಿಂದಿನ ಈ ಕಥೆಯನ್ನ ಕೆದಕೋಕೆ ಕೂತಿದ್ದರು.

ಚನ್ನವೀರಯ್ಯ: ಇರ್ಲಿ ಬಿಡಿ. ನೀವಲ್ಲ ಅಂದ್ರೆ ಒಳ್ಳೇದೇ ಆಯ್ತು. ಪಾಪ, ಆ ಎಡಚ ನನ್ನ ಕೈಲಿ ಹೀನಾಯವಾಗಿ ಸೋತ. ಕೊನೇದು ಕರಿ ಚೆಂಡು, ಅದನ್ನ ಹಾಕಿದೋನೇ ಗೆದ್ದಂಗೆ. ಪಾಕೆಟ್ಟಿಗೆ ಒಂದು ಗೇಣು ದೂರ. ಮಗು ಊದಿದ್ರೂ ಬೀಳ್ತಿತ್ತು. ಗುರಿ ಬಿಟ್ಟ.

ಪರಮಶಿವಯ್ಯನ ಕಿವಿ ಮೊದಲು ಕೆಂಪಾಯಿತು. ಆಮೇಲೆ ಕತ್ತು. ಲೋಟವನ್ನ ಟಕ್ ಅಂತ ಕೆಳಗಿಟ್ಟರು.

ಪರಮಶಿವಯ್ಯ: ಬಿಟ್ಟಿದ್ದು ಯಾರು ಸ್ವಾಮಿ? ಗೇಣಂತೆ ಗೇಣು. ಬಿಳಿ ಚೆಂಡು ಈ ಮೂಲೇಲಿತ್ತು, ಕರೀದು ಆ ಮೂಲೇಲಿತ್ತು. ಮೂರು ಅಂಚಿಗೆ ತಾಕ್ಸಿ ಹಾಕಿದ್ದೀನಿ ನಾನು. ಇದೇ ಎಡಗೈಲಿ.

ಎಡಗೈ ಗಾಳಿಯಲ್ಲೇ ನಿಂತಿತು. ಏನು ಬಾಯಿಬಿಟ್ಟೆ ಅನ್ನೋದು ಅವರಿಗೆ ಆಗ ಹೊಳೆಯಿತು.

ಶಕುಂತಲಮ್ಮ: ಇದು ಯಾವಾಗ್ರೀ?

ಪರಮಶಿವಯ್ಯ: ಯಾವಾಗ್ಲೋ ಒಂದಿನ.

ಚನ್ನವೀರಯ್ಯ: ಒಂದಿನ ಅಲ್ಲಮ್ಮ, ಪ್ರತಿ ಸೋಮವಾರ. ನನಗೂ ಅವತ್ತೇ ಅಂಗಡಿ ರಜ. ನಾನಾದ್ರೂ ಒಂದೊಂದ್ಸಲ ತಪ್ಪಿಸ್ತಿದ್ದೆ. ಇವರದ್ದು ಭಾಳ ನಿಷ್ಠೆ.

ಸೋಮವಾರ ಅನ್ನೋ ಮಾತು ಶಕುಂತಲಮ್ಮನ ಎದೆಗೆ ಬಂದು ಬಡಿಯಿತು. ನಾಲ್ಕು ವರ್ಷ ಪ್ರತಿ ಸೋಮವಾರ ಈ ಮನುಷ್ಯ ಮಠಕ್ಕೆ ಅಂತ ಬೆಳಿಗ್ಗೆ ರೈಲು ಹತ್ತಿದ್ದ. ಇವಳು ಮನೇಲಿ ಒಪ್ಪೊತ್ತು ಮಾಡಿ ಕಾಯುತ್ತ ಕೂತಿದ್ದಳು.

ಶಕುಂತಲಮ್ಮ: ಸಾಯಂಕಾಲ ಕೈತುಂಬ ವಿಭೂತಿ ಮೆತ್ಕೊಂಡು ಬರ್ತಿದ್ರಲ್ಲ, ಅದು?

ಚನ್ನವೀರಯ್ಯ: ಪೌಡರಮ್ಮ ಅದು. ಕೋಲು ಬೆರಳ ಮೇಲೆ ಸಲೀಸಾಗಿ ಜಾರ್ಲಿ ಅಂತ ಹಚ್ಕೋತೀವಿ.

ಶಕುಂತಲಮ್ಮ: ನಾನದನ್ನ ಕಣ್ಣಿಗೊತ್ಕೊಂಡು ಹಣೆಗಿಟ್ಕೊಂಡಿದ್ದೀನಿ. ಅತ್ತೆಗೆ ಜ್ವರ ಬಂದಾಗ ಅವರ ಹಣೆಗೂ ಬಳಿದಿದ್ದೀನಿ.

ಪರಮಶಿವಯ್ಯ: ಜ್ವರ ಬಿಡ್ತಲ್ಲೇ.

ಶಕುಂತಲಮ್ಮ: ಮಠಕ್ಕೆ ಅಂತ ಕೊಟ್ಟು ಕಳಿಸ್ತಿದ್ದ ಕಾಯಿ?

ಪರಮಶಿವಯ್ಯ: ಅದ್ರಲ್ಲಿ ಮೋಸ ಇಲ್ಲ ಕಣೇ. ಕ್ಯಾತ್ಸಂದ್ರದಲ್ಲಿ ಇಳಿದು, ಕಾಯಿ ಒಪ್ಪಿಸಿ, ಕೈ ಮುಗಿದೇ ವಾಪಸ್ ತುಮಕೂರಿಗೆ ಬರ್ತಿದ್ದೆ.

ಶಕುಂತಲಮ್ಮ: ಕೈ ಮುಗಿಯೋಕೆ ಎಷ್ಟೊತ್ತು?

ಪರಮಶಿವಯ್ಯ: ಐದು ನಿಮಿಷ.

ಶಕುಂತಲಮ್ಮ: ಮಿಕ್ಕ ಏಳು ಗಂಟೆ?

ಪರಮಶಿವಯ್ಯ: ಆ ಆಟಕ್ಕೂ ಏಕಾಗ್ರತೆ ಬೇಕಾಗುತ್ತೆ ಕಣೇ. ಒಂಥರಾ ಧ್ಯಾನಾನೇ.

ಹುಡುಗನ ತಾಯಿ ರೇವಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕುಲುಕುಲು ನಗುತ್ತಿದ್ದಳು. ಶಕುಂತಲಮ್ಮ ಆ ಕಡೆ ತಿರುಗಿದಳು.

ಶಕುಂತಲಮ್ಮ: ರೇವಮ್ಮನೋರೇ, ನಿಮ್ಮೋರು ಸೋಮವಾರ ಎಲ್ಲಿಗೆ ಅಂತ ಹೇಳೋಗ್ತಿದ್ರು?

ರೇವಮ್ಮನ ನಗು ಅಲ್ಲೇ ಇಂಗಿಹೋಯಿತು.

ರೇವಮ್ಮ: ಹಲ್ಲಿನ ಡಾಕ್ಟ್ರ ಹತ್ರ.

ಶಕುಂತಲಮ್ಮ: ಎಷ್ಟು ವಾರ?

ರೇವಮ್ಮ: ನಾಲ್ಕು ವರ್ಷ. ದವಡೆ ಹಲ್ಲಿನ ಬೇರು ಕಿವೀವರ್ಗೂ ಹೋಗಿದೆ, ವಾರಕ್ಕೆ ಇಷ್ಟಿಷ್ಟೇ ತೆಗೀಬೇಕಂತೆ ಅಂತಿದ್ರು. ರೀ, ಬಾಯಿ ತೆಗೀರಿ.

ಚನ್ನವೀರಯ್ಯ ತೆಗೆಯಲಿಲ್ಲ. ತೆಗೆಯೋ ಅಗತ್ಯವೂ ಇರಲಿಲ್ಲ. ಈಗತಾನೇ ಎಂಟು ಕೋಡುಬಳೆಯನ್ನ ಅವರು ಪುಡಿಗುಟ್ಟಿದ್ದನ್ನ ಎಲ್ಲರೂ ಕೇಳಿಸಿಕೊಂಡಿದ್ದರು.

ರೇವಮ್ಮ: ನೋವಲ್ಲಿ ಬಂದವ್ರೆ ಅಂತ ನಾನು ಗಂಜಿ ಕಾಯಿಸಿ ಕುಡಿಸ್ತಿದ್ನಲ್ರೀ.

ಚನ್ನವೀರಯ್ಯ: ನಾನೂ ಕುಡೀತಿದ್ನಲ್ಲೇ. ಮಕ್ಕಳು ಮುಂದೆ ಕೂತ್ಕೊಂಡು ಬಿಸಿ ಮುದ್ದೆ, ಹುರಳಿ ಬಸ್ಸಾರು ಹೊಡೀತಿದ್ರೆ, ನಾನು ಗಂಜಿ ಕುಡೀತಿದ್ದೆ. ಅದೇನು ಕಮ್ಮಿ ಶಿಕ್ಷೇನಾ?

ಪರಮಶಿವಯ್ಯ: ಅದಕ್ಕೇ ಸೋತಿದ್ದು ನೀವು. ಗಂಜಿ ಕುಡಿದ ಮೈಲಿ ಕಸುವೆಲ್ಲಿಂದ ಬರುತ್ತೆ?

ಚನ್ನವೀರಯ್ಯ: ಸೋತಿದ್ದು ನೀವು. ಇವತ್ತು ಲಕ್ಷ್ಮೀನರಸಿಂಹಯ್ಯನೋರು ಬದುಕಿದ್ದಿದ್ರೆ ಹೇಳೋರು.

ಆ ಹೆಸರು ಕೇಳಿದ್ದೇ ಪರಮಶಿವಯ್ಯ ಎತ್ತಿದ್ದ ದನಿ ಇಳಿಸಿದರು. ಇಬ್ಬರೂ ಗೋಡೆಯ ಒಂದೇ ಜಾಗವನ್ನ ನೋಡುತ್ತ ಕೂತರು.

ಪರಮಶಿವಯ್ಯ: ಕೋರ್ಟಲ್ಲಿ ಗುಮಾಸ್ತರು. ಮೊಣಕೈಗೆ ಛತ್ರಿ ನೇತಾಕ್ಕೊಂಡೇ ಆಡೋರು. ಛತ್ರಿ ಅಲ್ಲಾಡ್ತಿರ್ಲಿಲ್ಲ.

ಚನ್ನವೀರಯ್ಯ: ಕೋಲು ತಾಕ್ಸಿದ್ದೇ ಬೆನ್ನು ತಿರುಗ್ಸಿ ಬಾಗಿಲ ಕಡೆ ಹೊರಟುಬಿಡೋರು. ಚೆಂಡು ಬೀಳೋದನ್ನ ನಿಂತು ನೋಡಿದ್ದೇ ಇಲ್ಲ.

ಪರಮಶಿವಯ್ಯ: ಒಂದ್ಸಲ ಬೀಳ್ಲಿಲ್ಲ.

ಚನ್ನವೀರಯ್ಯ: ಹೂಂ. ಪಾಕೆಟ್ಟಿನ ಬಾಯಲ್ಲೇ ನಿಂತ್ಕೊಂತು. ಲೆಕ್ಕ ಬರೀತಿದ್ದ ರಾಮಾಂಜಿನಯ್ಯ ಎದ್ದು ಬಂದು, ಸದ್ದಾಗದಂಗೆ ಬೆರಳಲ್ಲಿ ಒಳಗೆ ತಳ್ಳಿ, ಹೋಗಿ ಬರ್ಕೊಂಡ. ಎದುರಾಳೀನೂ ತುಟಿ ಬಿಚ್ಚಲಿಲ್ಲ.

ಪರಮಶಿವಯ್ಯ: ಎದುರಾಳಿ ನಾನೇ.

ಚನ್ನವೀರಯ್ಯ: ಅಂಥಾ ಮರ್ಯಾದೆ ಇತ್ತು ಆಗ.

ಪರಮಶಿವಯ್ಯ: ಈಗ ಆ ಹಾಲೂ ಇಲ್ಲ, ಮೇಜೂ ಇಲ್ಲ.

ಶಕುಂತಲಮ್ಮನಿಗೆ ಹೋದ ಜೀವ ಬಂದಂತಾಯಿತು. ಸಿಟ್ಟು ಒಂದು ಕಡೆ ಇರಲಿ, ಇಬ್ಬರೂ ಮೆತ್ತಗಾಗಿದ್ದಾರೆ, ಈಗಲೇ ಪಂಚಾಂಗ ತಂದುಬಿಡೋಣ ಅಂತ ಆಕೆ ಏಳುವಷ್ಟರಲ್ಲಿ ಚನ್ನವೀರಯ್ಯ ನಿಟ್ಟುಸಿರುಬಿಟ್ಟರು.

ಚನ್ನವೀರಯ್ಯ: ಅವರೇ ನನ್ನ ಬೆನ್ನು ತಟ್ಟಿದ್ರು, ನಾನು ಆ ಕರಿ ಚೆಂಡು ಹಾಕಿದ ದಿನ.

ಪರಮಶಿವಯ್ಯ: ಬೆನ್ನು ತಟ್ಟಿದ್ದು ಸಮಾಧಾನಕ್ಕೆ. ನೋಡಿ, ಇದು ನನ್ನ ಮನೆ. ಕರಿ ಚೆಂಡು ನಾನು ಹಾಕಿದ್ದು ಅಂತ ನೀವು ಒಪ್ಕೊಳೋವರ್ಗೂ ಇಲ್ಲಿ ತಾಂಬೂಲ ಬದಲಾಗಲ್ಲ.

ಚನ್ನವೀರಯ್ಯ: ಏಳೇ ರೇವಾ. ಕುಣಿಗಲ್ ಕೆರೆ ಬತ್ತಿದ್ರೂ ನಾನು ಒಪ್ಪಲ್ಲ.

ಹುಡುಗ ಪಾಪ ಏಳಬೇಕೋ ಕೂರಬೇಕೋ ತಿಳಿಯದೆ ಅರ್ಧ ಎದ್ದು ನಿಂತ. ಅಡಿಗೆಮನೆ ಬಾಗಿಲಲ್ಲಿ ಸರ್ವಮಂಗಳ ಕಂಬ ಹಿಡಿದು ನಿಂತಿದ್ದಳು. ಹಿಂದೆ ಮೂರು ಸಂಬಂಧ ಬಂದಾಗಲೂ 'ನಿಮ್ಮಿಷ್ಟ' ಅಂದು ನೆಲ ನೋಡಿದ್ದ ಹುಡುಗಿ, ಈ ಹುಡುಗನ್ನ ಕಿಟಕಿಯಿಂದ ಎರಡು ಸಲ ಇಣುಕಿ ನೋಡಿದ್ದಳು. ಅವಳ ಕಣ್ಣು ತುಂಬಿಕೊಂಡಿದ್ದನ್ನ ಕಂಡ ಶಕುಂತಲಮ್ಮ, ರೇವಮ್ಮನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಒಳಗೆ ಸ್ವಲ್ಪ ಹೊತ್ತು ಪಿಸುಪಿಸು ನಡೆಯಿತು. ಇಬ್ಬರೂ ತಾಂಬೂಲದ ತಟ್ಟೆ ಸಮೇತ ಈಚೆಗೆ ಬಂದರು.

ಶಕುಂತಲಮ್ಮ: ಇಬ್ರೂ ಕೂತ್ಕೊಳಿ. 'ನೀವೇ ಗೆದ್ದಿದ್ದು' ಅಂತ ಒಬ್ರಿಗೊಬ್ರು ಹೇಳಿ. ಆಗಲ್ಲ ಅಂದ್ರೆ ನಿಮ್ಮ ಮಠ, ನಿಮ್ಮ ಹಲ್ಲು, ಎರಡ್ರ ಕಥೇನೂ ಎರಡೂ ಕಡೆ ನೆಂಟರಿಗೆ ನಾವೇ ಹೇಳ್ಕೊಂಡು ಬರ್ತೀವಿ.

ಪರಮಶಿವಯ್ಯ: ಅವರು ಮೊದ್ಲು ಹೇಳ್ಲಿ.

ಚನ್ನವೀರಯ್ಯ: ಹೆಣ್ಣಿನ ಕಡೆಯೋರು ನೀವು. ನೀವೇ ಮೊದ್ಲು.

ಪರಮಶಿವಯ್ಯ: ಮನೆಗೆ ಬಂದೋರು ನೀವು. ಮೊದಲ ಮರ್ಯಾದೆ ನಿಮಗೇ ಸಲ್ಬೇಕು.

ರೇವಮ್ಮ: ಒಟ್ಟಿಗೇ ಹೇಳಿ. ನಾನು ಎಣಿಸ್ತೀನಿ. ಒಂದು. ಎರಡು. ಮೂರು.

ಇಬ್ಬರ ಬಾಯೂ ತೆರೆದುಕೊಂಡಿತು. ಮಾತು ಮಾತ್ರ ಬರಲಿಲ್ಲ. ಎದುರಿನವನು ಹೇಳಿಬಿಡಲಿ, ತಾನು ತಪ್ಪಿಸಿಕೊಳ್ಳೋಣ ಅಂತ ಇಬ್ಬರೂ ಉಸಿರು ಕಟ್ಟಿ ಕಾದರು. ಬೀದೀಲಿ ಒಂದು ಎತ್ತಿನಗಾಡಿ ಕಡಕಡ ಅನ್ನುತ್ತ ಪೂರಾ ದಾಟಿಹೋಯಿತು. ಆಮೇಲೆ ಇಬ್ಬರೂ ಒಂದೇ ಸಲಕ್ಕೆ ಬಾಯಿ ಮುಚ್ಚಿಕೊಂಡು, ಸಿಕ್ಕಿಬಿದ್ದ ಕಳ್ಳರ ಹಾಗೆ ಒಬ್ಬರನ್ನೊಬ್ಬರು ನೋಡಿದರು.

ಶಕುಂತಲಮ್ಮ ತಟ್ಟೆಯನ್ನ ರೇವಮ್ಮನ ಕೈಗಿಟ್ಟಳು.

ಶಕುಂತಲಮ್ಮ: ತಗೊಳಿ ಬೀಗಿತ್ತಿ. ಹುಡುಗ-ಹುಡುಗಿ ಜಾತಕ ತೋರ್ಸೋದೇ ಬೇಡ. ಇವರಿಬ್ರದ್ದೂ ಮೂವತ್ತಾರು ಗುಣಾನೂ ಕೂಡಿಬಂದದೆ.