ಭಾನುವಾರದ ಕೇಬಲ್ಲು

ದೊಡ್ಡ ಪಾದ್ರಿಗಳನ್ನು ತನ್ನ ವ್ಯಾನಿನಲ್ಲಿ ಚರ್ಚಿಗೆ ಕರೆದೊಯ್ಯುವ ಭಾಗ್ಯ ಇಡೀ ಕೊಲೊವೈ ಊರಿನಲ್ಲಿ ಲೊಪೆತಿಯೊಬ್ಬನಿಗೇ ಒಲಿದಿತ್ತು. ಕಳಂಕ ಒಂದೇ. ಸ್ಟೀರಿಂಗಿನ ಹಿಂದೆ ತಿಂಗಳಿನಿಂದ, ಎಂಜಿನ್ನಿನಲ್ಲಿ ಏನೋ ಕೆಟ್ಟಿದೆ ಎನ್ನುವ ಒಂದು ಹಳದಿ ದೀಪ ಉರಿಯುತ್ತಿತ್ತು. ಅದನ್ನು ಆರಿಸದೆ ಪಾದ್ರಿಗಳನ್ನು ಕೂರಿಸುವುದಿಲ್ಲ ಎಂದು ಲೊಪೆತಿ ಬೆಳಗ್ಗೆ ಎದ್ದವನೇ ಭೀಷ್ಮ ಪ್ರತಿಜ್ಞೆ ಮಾಡಿದ.

ಎದ್ದದ್ದು ಭಾನುವಾರ. ಟೋಂಗಾದಲ್ಲಿ ಭಾನುವಾರ ಯಾವ ಕೆಲಸ ಮಾಡಿದರೂ ದೇವರಿಗೂ ಸಿಟ್ಟು, ಪೊಲೀಸರಿಗೂ ಸಿಟ್ಟು.

ಕೆಟ್ಟದ್ದೇನೆಂದು ಪತ್ತೆಹಚ್ಚಲು ವ್ಯಾನಿಗೂ ಮಡಿಲ ಕಂಪ್ಯೂಟರಿಗೂ ಕೇಬಲ್ಲು ಚುಚ್ಚುತ್ತಿದ್ದವನನ್ನು ಹೆಂಡತಿ ಮೆಲೆನೈತೆ ಹಿಡಿದಳು.

"ಇವತ್ತು ರಿಪೇರಿ ಕೆಲಸ ಮಾಡ್ತಿದೀಯಾ?"

"ಕೈಯಲ್ಲಿ ಸ್ಪ್ಯಾನರ್ ಇದೆಯಾ ನೋಡು. ಕಂಪ್ಯೂಟರ್ ಕೇಳುತ್ತೆ, ವ್ಯಾನ್ ಹೇಳುತ್ತೆ. ನಾನು ಸುಮ್ನೆ ಕೂತಿರ್ತೀನಿ."

"ಸುಮ್ನೆ ಕೂರೋದು ನಿನಗೆ ಬಂದಿದ್ರೆ ನಮ್ಮ ಅಡುಗೆಮನೆಯ ನಲ್ಲಿ ಇವತ್ತಿಗೂ ನೆಟ್ಟಗಿರ್ತಿತ್ತು."

ಅಷ್ಟರಲ್ಲಿ ಪಾದ್ರಿಗಳು ಅಂಗಳಕ್ಕೆ ಬಂದು ಮುಂದಿನ ಸೀಟಿನಲ್ಲಿ ಕೂತೇಬಿಟ್ಟರು. ಗಾಬರಿಬಿದ್ದ ಲೊಪೆತಿ ಎಂಜಿನ್ ಚಾಲೂ ಮಾಡಿ, ಪರದೆಯಲ್ಲಿ ಕಂಡ ಅತಿ ದೊಡ್ಡ ಬಟನ್ ಒತ್ತಿ, ಕಂಪ್ಯೂಟರನ್ನು ಸೀಟಿನಡಿ ತಳ್ಳಿ, ಹೆಂಡತಿಗೆ ಬಾಗಿಲು ತೆರೆಯಲು ಕೆಳಗಿಳಿದ. ಬಟನ್ ಮೇಲೆ ಬರೆದಿದ್ದದ್ದು 'ಎಲ್ಲವನ್ನೂ ಪರೀಕ್ಷಿಸು'.

ಕಂಪ್ಯೂಟರ್ ಮಾತಿಗೆ ತಪ್ಪಲಿಲ್ಲ. ಎಂಜಿನ್ ನಿಂತಿತು. ಬಾಗಿಲುಗಳು ಟಕ್ಕೆಂದು ಬೀಗ ಹಾಕಿಕೊಂಡವು. ವೈಪರುಗಳು ಒಣಗಾಜನ್ನು ಕೆರೆದವು. ದ್ವೀಪವೇ ಮೌನವಾಗಿದ್ದ ಆ ಹೊತ್ತಿನಲ್ಲಿ ಹಾರ್ನು ಪ್ರಳಯಕಾಲದ ಕಹಳೆಯಂತೆ ಊದತೊಡಗಿತು. ಪಾದ್ರಿಗಳು ಒಳಗಿನಿಂದ ಚಿಲಕ ಎತ್ತಿದಾಗಲೆಲ್ಲ ಮತ್ತೆ ಟಕ್.

"ಏನಾಯ್ತಪ್ಪಾ?" ಎಂದರು ಗಾಜಿನಾಚೆಯಿಂದ.

"ಏನಿಲ್ಲ ಅಯ್ಯನವರೇ, ಪರೀಕ್ಷೆ ನಡೀತಿದೆ."

"ನನಗೋ, ನಿನಗೋ?"

ಕೇಬಲ್ಲು ಕೀಳಿ ಎಂದಿದ್ದರೆ ಸಾಕಿತ್ತು. ಆದರೆ ಹಾಗೆಂದರೆ ಭಾನುವಾರದ ಕೆಲಸ ಒಪ್ಪಿಕೊಂಡಂತೆ. ಲೊಪೆತಿ ಹೊರಗಿನಿಂದ ಬಾಗಿಲಿನ ಹಿಡಿ ಜಗ್ಗತೊಡಗಿದ. ಮೆಲೆನೈತೆ ಅವನನ್ನೇ ನೋಡಿದಳು, ಅವನು ಕೆಡಿಸಿಟ್ಟ ಅಡುಗೆಮನೆಯ ನಲ್ಲಿಯನ್ನು ನೋಡುವ ಹಾಗೆ.

ಚರ್ಚಿನ ಗಂಟೆ ಮೊಳಗಿತು. ಪಾದ್ರಿಗಳಿಲ್ಲದೆ ಪ್ರಾರ್ಥನೆಯಿಲ್ಲ. ಕೊನೆಗೆ ಹಾಡುವ ಮೇಳದ ನಲವತ್ತು ಗಂಡಸರು ಬಂದು, ಚರ್ಚಿಗೆಂದು ಅಲ್ಲಿನ ಪದ್ಧತಿಯಂತೆ ಸೊಂಟಕ್ಕೆ ಸುತ್ತಿದ ಮರ್ಯಾದೆಯ ಚಾಪೆಗಳನ್ನು ಮೇಲಕ್ಕೆ ಸಿಕ್ಕಿಸಿ, ವ್ಯಾನಿಗೆ ಹೆಗಲು ಕೊಟ್ಟರು. ಪಾದ್ರಿಗಳು ಒಳಗೇ ಚಾಲಕನ ಸೀಟಿಗೆ ಸರಿದು, ಗೇರು ಬಿಡಿಸಿ ಸ್ಟೀರಿಂಗು ಹಿಡಿದರು. ಕೆಲಸವನ್ನೇ ಮಾಡದ ಲೊಪೆತಿಯ ದೆಸೆಯಿಂದ ಆ ಭಾನುವಾರ ಊರಿಗೂರೇ ಬೆವರು ಸುರಿಸಿ ದುಡಿಯಿತು.

ಚರ್ಚಿನ ಮೆಟ್ಟಿಲ ಬಳಿ ಪಾದ್ರಿಗಳು ಬಾಗಿ, ಸ್ಟೀರಿಂಗಿನ ಕೆಳಗೆ ಕೈ ಹಾಕಿ, ಕೇಬಲ್ಲನ್ನು ಪಟ್ಟೆಂದು ಕಿತ್ತರು. ಹಾರ್ನು ಅಡಗಿತು. ಬಾಗಿಲು ತೆರೆಯಿತು. ಇಳಿದು ಬಂದು ಕೇಬಲ್ಲನ್ನು ಲೊಪೆತಿಯ ಅಂಗೈಗಿಟ್ಟರು.

"ನನ್ನ ಹತ್ರಾನೂ ಇಂಥದ್ದೊಂದಿದೆ ಮಗ. ನಾನು ಸೋಮವಾರ ಚುಚ್ತೀನಿ. ನಿಮ್ಮಂಗಳದಲ್ಲೇ ಇದು ಕಣ್ಣಿಗೆ ಬಿದ್ದಿತ್ತು. ನೀನಾಗಿ ಹೇಳ್ತೀಯೇನೋ ಅಂತ ಇಲ್ಲೀತನಕ ಕಾದೆ."

ಬೆವರು ಒರೆಸಿಕೊಳ್ಳುತ್ತಿದ್ದ ನಲವತ್ತು ತಲೆಗಳು ಒಟ್ಟಿಗೇ ಲೊಪೆತಿಯತ್ತ ತಿರುಗಿದವು.