ಎಡೆ ಮುಟ್ಟಿದ್ದು ಯಾರು

ನಾನು: ತಾಯಿ, ನಿನ್ನ ಈ ಕಾಯಿಗಳನ್ನ ಮೊದ್ಲು ತೆಗಿ. ಕಾಗೆ ಎದರ್ಕೊಂಡು ಇಳೀತಾನೇ ಇಲ್ಲ.

ಇಂದು: ಆಗಲ್ಲ ಆಂಟಿ. ಸಾಲಾಗಿ ಜೋಡ್ಸಿದೀನಿ. ಒಂದು ಆಚೀಚೆ ಆದ್ರೂ ಯಾವ್ದು ಯಾವ ಮರದ್ದು ಅಂತ ಗೊತ್ತಾಗಲ್ಲ.

ಇಂದು ಎಂಬ ಈ ಹುಡುಗಿ ನಮ್ಮ ಕೊಡಿಗೇಹಳ್ಳಿ ಮನೆಯ ಮೇಲಿನ ರೂಮಿಗೆ ಬಾಡಿಗೆಗೆ ಬಂದವಳು. ಹಿಮಾಲಯದ ಕಾಡಿನಲ್ಲಿ ಅಳಿಲು ಪೈನ್ ಮರದ ಕಾಯಿ ತಿನ್ನುತ್ತದಂತೆ, ಅದರ ಮೇಲೆ ಅವಳ ಓದು. ತಿಂದು ಬಿಸಾಡಿದ್ದನ್ನೆಲ್ಲ ಮೂಟೆ ಕಟ್ಟಿ ತಂದು ಟೆರೇಸಿನಲ್ಲಿ ಒಣಹಾಕಿದ್ದಳು. ಆವತ್ತು ನಮ್ಮ ಮನೆಯವರ ವರ್ಷದ ತಿಥಿ. ಅದೇ ಟೆರೇಸಿನ ಮೂಲೆಯಲ್ಲಿ ಎಲೆ ಹಾಕಿ ಎಡೆ ಇಟ್ಟಿದ್ದೆ. ಕಾಗೆ ಮುಟ್ಟದೆ ಕೆಳಗೆ ಯಾರೂ ಊಟಕ್ಕೆ ಕೂರುವಂತಿಲ್ಲ.

ನಾನು: ಎಂಜಲು ತರೋಕೆ ಅಷ್ಟು ದೂರ ಓಗಿದ್ಯಾ? ನಮ್ಮ ಸೀಬೆ ಮರದಲ್ಲೂ ಅಳಿಲವೆ, ಕೆಳಗೆ ಗುಡಿಸಿದ್ರೆ ಒಂದು ಮಂಕರಿ ಸಿಗ್ತಿತ್ತು.

ಇಂದು: ಎಂಜಲಲ್ಲೇ ಎಲ್ಲಾ ಇರೋದು ಆಂಟಿ. ಅದನ್ನ ನೋಡಿದ್ರೆ ಯಾರು ತಿಂದ್ರು, ಹೇಗೆ ತಿಂದ್ರು ಗೊತ್ತಾಗುತ್ತೆ.

ನಾನು: ಇದನ್ನೋದಿ ಏನಾಗ್ತೀಯ?

ಇಂದು: ಡಾಕ್ಟರ್.

ನಾನು: ಸರಿ. ಸೀಬೆ ಮರದೋರಿಗೆ ಜ್ವರ ಬಂದ್ರೆ ನಿನ್ತಾವ್ಕೇ ಕಳಿಸ್ತೀನಿ.

ಕೆಳಗಿನಿಂದ ಮೈದುನ ಅನಂತರಾಜು ಕೂಗಿದ.

ಅನಂತರಾಜು: ಅತ್ತಿಗೆ, ಕಾಗೆ ಬಂತಾ? ಸಾರು ಆರೋಗ್ತಾ ಐತೆ.

ನಾನು: ನಿಮ್ಮಣ್ಣ ಓಗಿ ವರ್ಷ ಆಯ್ತು. ನಿಂಗೆ ಸಾರಿನ ಚಿಂತೆ.

ಅನಂತರಾಜು: ಅಣ್ಣನಿಗೆ ನಿಮ್ಮೇಲೆ ಸಿಟ್ಟಿರ್ಬೇಕು. ಅದಕ್ಕೇ ಬರ್ತಿಲ್ಲ.

ಬೆಳಗಿನಿಂದ ನನಗೂ ಅದೇ ಹೆದರಿಕೆ. ಎಲೆಯ ಕಡೆ ತಿರುಗಿದರೆ, ನಾವು ಮಾತಾಡುತ್ತಿದ್ದಾಗಲೇ ಯಾರೋ ಎಲೆಗೆ ಬಾಯಿ ಹಾಕಿ ಹೋಗಿದ್ದರು. ವಡೆ ಮುಕ್ಕಾಲು ಖಾಲಿ.

ನಾನು: ಬನ್ನಿ ಡಾಕ್ಟ್ರೇ. ಎಂಜಲು ನೋಡಿದ್ರೆ ಗೊತ್ತಾಗುತ್ತೆ ಅಂದ್ರಲ್ಲ. ಕಾಗೆ ತಾನೆ?

ಅವಳು ಎಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಉಳಿದ ವಡೆಯನ್ನು ಕಡ್ಡಿಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು.

ಇಂದು: ಅಲ್ಲ ಆಂಟಿ, ಅಳಿಲು. ಹಲ್ಲಿನ ಗುರುತಿದೆ. ಕಾಗೆ ಆಗಿದ್ರೆ ಕುಕ್ಕಿರೋದು.

ನಾನು: ಅಷ್ಟೊಂದು ಓದಿಸ್ತಾರೆ. ಒಂದು ಸುಳ್ಳಾಡೋದನ್ನ ಕಲಿಸಲ್ವಾ?

ಇಂದು: ಸಾರಿ ಆಂಟಿ. ಇದೊಂದು ನೋಡಿ, ವಿಚಿತ್ರ. ಹಸಿಮೆಣಸಿನಕಾಯಿ ಚೂರು ಒಂದನ್ನೂ ತಿಂದಿಲ್ಲ. ಎಲ್ಲಾ ಆರ್ಸಿ ಪಕ್ಕಕ್ಕಿಟ್ಟಿದೆ.

ಬಗ್ಗಿ ನೋಡಿದೆ. ಎಲೆಯ ಅಂಚಿನಲ್ಲಿ ಹಸಿರು ಚೂರುಗಳ ಪುಟ್ಟ ಗುಡ್ಡೆ. ಮದುವೆಯಾಗಿ ಬಂದ ದಿನದಿಂದ ನಮ್ಮ ಮನೆಯವರ ತಟ್ಟೆಯ ಅಂಚಿನಿಂದ ನಾನು ಎತ್ತಿ ಎಸೆದದ್ದು ಅದೇ ಗುಡ್ಡೆ. ಬೈದು ಬೈದು ಎಸೆದದ್ದು.

ಅನಂತರಾಜು: ಅತ್ತಿಗೆ, ಬಂತಾ ಇಲ್ವಾ?

ಇಂದು ನನ್ನ ಮುಖ ನೋಡಿದಳು. ನಾನು ಸೆರಗಿನಲ್ಲಿ ಮೂಗು ಒರೆಸಿಕೊಂಡೆ.

ನಾನು: ಬಂದೋದ್ರು ಕಣೋ, ಎಲೆ ಹಾಕು. ಅಲ್ಲಿಗೆ ಓಗೀನೂ ಬುದ್ಧಿ ಬಂದಿಲ್ಲ, ಮೆಣಸಿನಕಾಯಿ ಎತ್ತಿಟ್ಟೇ ಓಗವ್ರೆ.